ಎಪಿಡಾರಸ್: ವೈದ್ಯದೇವತೆಯ ಕ್ಷೇತ್ರದ ರಂಗಮಂದಿರ

ಕಾಯಿಲೆ ವಾಸಿಯಾದರೆ ಯಕ್ಷಗಾನದ ಆಟ ಆಡಿಸುತ್ತೇನೆಂದು ಹರಕೆ ಹೊರುವವರನ್ನು ಮಲೆನಾಡಿನ ಸಾಗರ ಸೀಮೆಯಲ್ಲಿ ನೋಡುತ್ತ ಬೆಳೆದ ನನಗೆ, ಗ್ರೀಸ್ ದೇಶದ ಅತ್ಯಂತ ಸುಂದರ ಪ್ರಾಚೀನ ರಂಗಮಂದಿರವು ಅಸ್ಕ್ಲೀಪಿಯಸ್ ಎಂಬ ವೈದ್ಯದೇವತೆಯ ಕ್ಷೇತ್ರದಲ್ಲಿದೆ ಎಂಬುದು ಬಹಳ ಸಹಜವಾಗಿ ಕಾಣುತ್ತದೆ. ಎಪಿಡಾರಸ್‌ಗೆ ರೋಗಿಗಳು ದೂರದೂರದಿಂದ ಬರುತ್ತಿದ್ದರು; ಆ ದೇವರ ಉತ್ಸವದಲ್ಲಿ ಗಾಯನ, ನಾಟಕಗಳೂ ಸೇವೆಯ ಭಾಗವಾಗಿದ್ದವು.

ಕ್ರಿ.ಪೂ. 4ನೆಯ ಶತಮಾನದ ಈ ರಂಗಮಂದಿರವನ್ನು ಪಾಲಿಕ್ಲೀಟಸ್ ಎಂಬ ಶಿಲ್ಪಿ ಕಟ್ಟಿದನೆಂದು ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ. ಕಟ್ಟಿದವರು ಎತ್ತರದ ಗೋಡೆಗಳನ್ನು ಎಬ್ಬಿಸಲು ಹೋಗದೆ, ಬೆಟ್ಟದ ಇಳಿಜಾರಿಗೇ ಸುಣ್ಣಕಲ್ಲಿನ ಆಸನಗಳನ್ನು ಹೊಂದಿಸಿ, ಅರ್ಧವೃತ್ತಕ್ಕಿಂತ ತುಸು ಹೆಚ್ಚಾಗಿ ಬಾಗಿದ ಸಾಲುಗಳನ್ನು ಮೇಲಕ್ಕೇರಿಸಿದರು. ಕೆಳಗಿನ 34 ಸಾಲುಗಳಿಗೆ ಮೇಲಿನ 21 ಸಾಲುಗಳು ಆಮೇಲೆ ಸೇರಿಕೊಂಡವೆಂಬುದು ಪ್ರಚಲಿತ ಅಭಿಪ್ರಾಯ. ಒಟ್ಟು ಸುಮಾರು 13-14 ಸಾವಿರ ಜನ ಕೂರಬಹುದು. ಅವರೆಲ್ಲರ ಕಣ್ಣೂ ಹರಿಯುವುದು ಸುಮಾರು 20 ಮೀಟರ್ ಅಡ್ಡಳತೆಯ ಪೂರ್ಣ ವೃತ್ತದ ಕಡೆಗೆ. ಮೇಳದವರು ಹಾಡಿ ಕುಣಿಯುತ್ತಿದ್ದುದು ಅಲ್ಲಿ. ಅದರ ಬೆನ್ನಿಗಿದ್ದ, ನಟರು ಮುಖವಾಡ ಬದಲಿಸುತ್ತಿದ್ದ ಕಟ್ಟಡವು, ಯಕ್ಷಗಾನದಲ್ಲಿ ವೇಷ ಕಟ್ಟಿಕೊಳ್ಳುವ ನಮ್ಮ ಚೌಕಿಯ ಕೆಲಸವನ್ನೇ ಮಾಡುತ್ತಿತ್ತು. ಈಗ ಅದರ ಅಡಿಪಾಯ ಮಾತ್ರ ಉಳಿದಿದೆ.

ಇಲ್ಲಿನ ಧ್ವನಿಯ ಗುಣ ಲೋಕಪ್ರಸಿದ್ಧ. ಕಲ್ಲಿನ ಆಸನಗಳ ಏರಿಳಿತವು ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು, ಅಂದರೆ ಜನರ ಗುಜುಗುಜು ಮತ್ತು ಗಾಳಿಯ ಮೊರೆತವನ್ನು ತಗ್ಗಿಸಿ, ಮಾತಿನ ಮೇಲಿನ ಸ್ವರಗಳನ್ನು ಉಳಿಸಿಕೊಡುತ್ತದೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು. ಪಿಸುಮಾತೂ ಕೊನೆಯ ಸಾಲಿಗೆ ಕೇಳಿಸುತ್ತದೆಂಬ ಪ್ರತೀತಿಯನ್ನು ಅನಂತರದ ಅಳತೆಗಳು ಒಪ್ಪಲಿಲ್ಲ. ಅದರಿಂದ ಈ ಕಟ್ಟಡದ ಹಿರಿಮೆಗೆ ಕುಂದೇನೂ ಇಲ್ಲ ಎನ್ನುವುದು ನನ್ನ ನಂಬಿಕೆ, ಏಕೆಂದರೆ ಅದು ಕಾದಿದ್ದುದು ಕಂಠವನ್ನು ಪಳಗಿಸಿಕೊಂಡ ನಟನಿಗಾಗಿ.

ಕಾಲಾಂತರದಲ್ಲಿ ಮಣ್ಣಿನಡಿ ಸೇರಿದ್ದ ಇದನ್ನು 1881ರಲ್ಲಿ ಗ್ರೀಕ್ ಪುರಾತತ್ತ್ವಜ್ಞ ಪನಾಯಿಸ್ ಕವಾಡಿಯಸ್ ಉತ್ಖನನಕ್ಕೆ ತೆಗೆದುಕೊಂಡರು. 1950ರ ದಶಕದಿಂದ ಅಲ್ಲಿ ಬೇಸಿಗೆಯ ನಾಟಕೋತ್ಸವ ನಡೆಯುತ್ತಿದೆ. ಮಲೆನಾಡಿನ ಮಳೆಗೆ ಸೂರಿಲ್ಲದ ರಂಗಮಂದಿರ ವರ್ಷವಿಡೀ ಒದಗಲಾರದು, ನಿಜ. ಆದರೂ ದೀಪಾವಳಿಯಿಂದ ಮುಂಗಾರಿನವರೆಗಿನ ಆಟದ ದಿನಗಳಿಗೆಂದು ಬಯಲು ರಂಗಮಂದಿರ ಕಟ್ಟುವವರು, ಗುಡ್ಡವನ್ನು ಜೆಸಿಬಿಯಿಂದ ಮಟ್ಟ ಮಾಡಿಸುವ ಮೊದಲು ಎಪಿಡಾರಸ್‌ನ ನಕ್ಷೆಯನ್ನೊಮ್ಮೆ ಎದುರಿಗಿಟ್ಟುಕೊಂಡು, ಇರುವ ಇಳಿಜಾರಿನಲ್ಲೇ ಜಂಬಿಟ್ಟಿಗೆಯ ಸಾಲುಗಳನ್ನು ಕೂರಿಸಲು ಸಾಧ್ಯವೇ ಎಂದು ನೋಡಬೇಕೆಂದು ನನ್ನ ಆಸೆ.