ಬರುವ ವರ್ಷ ನಮ್ಮ ವಿಜಯಪುರಕ್ಕೆ ಮೊದಲು ನೀರು

ನಮ್ಮ ಓಣಿಯಲ್ಲಿ ನಳ ಬರುವ ದಿನ ಮನೆಗೆ ಬೀಗ ಹಾಕುವಂತಿಲ್ಲ. ಮದುವೆ ಇದ್ದರೂ ಒಬ್ಬರು ಉಳಿಯಲೇಬೇಕು. ಹೋದ ಬೇಸಿಗೆಯಲ್ಲಿ ನಮ್ಮ ಅತ್ತೆ ನಸುಕಿನಲ್ಲೇ ಎದ್ದು ಕೊಡ, ಬಕೆಟ್, ಕೊನೆಗೆ ಹಿಟ್ಟು ನಾದುವ ಪರಾತವನ್ನೂ ತುಂಬಿಸಿಟ್ಟರು. ನಗರ ಯಾವ ಕೆಲಸ ಮೊದಲು ಹಿಡಿಯಬೇಕು ಅಂತ ಕೇಳಿದರೆ ನಾನು ನೀರು ಎಂದೇ ಹೇಳುತ್ತೇನೆ.

ಆಲಮಟ್ಟಿ ನಮ್ಮದೇ ಜಿಲ್ಲೆಯಲ್ಲಿದೆ. ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಬರುತ್ತದೆ. ಆದರೂ ಪೈಪ್ ಒಡೆದು ರಸ್ತೆ ತುಂಬ ನೀರು ಹರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೋರಿಕೆ ನಿಲ್ಲಿಸುವುದು ಮೊದಲ ಕೆಲಸ.

ಹಿಂದಿನವರು ಈ ಬಿಸಿಲೂರಿನಲ್ಲಿ ಎಷ್ಟು ಯೋಚಿಸಿದ್ದರು, ಅಲ್ವಾ? ತಾಜ್ ಬಾವಡಿ ಎಂಬ ಮೆಟ್ಟಿಲು ಬಾವಿ 1620ರದ್ದು. ಬೇಗಂ ತಾಲಾಬ್ ಎಂಬ ಕೆರೆ 1651ರದ್ದು, ಮೊಹಮ್ಮದ್ ಆದಿಲ್‌ಶಾಹನ ಕಾಲದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಬರುತ್ತಿತ್ತು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ತಳಕ್ಕೆ ಕೂರುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಮಕ್ಕಳಿಗೆ ಗೋಲಗುಂಬಜ್ ತೋರಿಸಿದ ಮೇಲೆ ಒಂದು ಗಂಜ್ ಕೂಡ ತೋರಿಸಿ.

ಚರಂಡಿ, ಬೀದಿ ದೀಪ, ಫುಟ್‌ಪಾತ್ ಎಲ್ಲವೂ ಬೇಕು. ಆದರೆ ಬಾವಡಿಗಳ ಹೂಳು ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ಅವುಗಳ ನೀರು ಕುಡಿಯಲು ಬೇಡ, ಗಿಡಗಳಿಗೆ, ಬಳಕೆಗೆ ಸಾಕು. ಗಣಪತಿ ಬಿಡಲು ಬೇರೆ ಹೊಂಡ ಇರಲಿ. ಈ ಭಾನುವಾರ ನಾನು, ಅತ್ತೆ ತಾಜ್ ಬಾವಡಿಯ ಮೆಟ್ಟಿಲ ಹತ್ತಿರ ಪ್ಲಾಸ್ಟಿಕ್ ಹೆಕ್ಕಲು ಹೋಗುತ್ತಿದ್ದೇವೆ. ಬೆಳಿಗ್ಗೆ 7ಕ್ಕೆ ಬನ್ನಿ, ಕೈಚೀಲ ತನ್ನಿ.