ಪುಟ್ಟಿಯ ತಕರಾರು

14 ಜೂನ್ 2024, ಶುಕ್ರವಾರ

ಮಲಗುವ ಹೊತ್ತಿಗೆ ಪುಟ್ಟಿಯ ಫೋನು. ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಚಿಕ್ಕಮ್ಮ, ಇದು ಮೋಸ" ಅಂತಲೇ ಶುರು.

ಸುಮ್ನೆ ಅವಳಿಗೊಂದು ಸಂಖ್ಯೆ ಕಳಿಸಿದ್ದೆ: 147573952589676412927. ಅಂದರೆ 2ರ 67ನೇ ಘಾತದಲ್ಲಿ 1 ಕಮ್ಮಿ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗಲ್ಲ, ಅಂದಿದ್ದ. 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ಅಲ್ಲ ಅಂತ ತೋರಿಸಿದ. ಆದರೆ ಯಾವುದರಿಂದ ಭಾಗವಾಗುತ್ತದೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ. ಪುಟ್ಟಿಯ ಸಿಟ್ಟೆಲ್ಲ ಇದರ ಮೇಲೆ. "ಅಪವರ್ತನ ತೋರಿಸದೆ ಭಾಗ ಆಗುತ್ತೆ ಅಂದ್ರೆ ಯಾರು ನಂಬ್ತಾರೆ? ಕಳ್ಳ ಇದ್ದಾನೆ, ಯಾರು ಅಂತ ಗೊತ್ತಿಲ್ಲ ಅಂದ ಹಾಗಾಯ್ತು."

ಹಾಗೇ ಆಯ್ತಲ್ಲ ಮತ್ತೆ! ಕಳುವಾದದ್ದಂತೂ ನಿಜ.

ಪೆನ್ನು ತಗೋ ಅಂದೆ. ಮೊದಲು ಚಿಕ್ಕದು, 127. ಇದು 2ರ 7ನೇ ಘಾತದಲ್ಲಿ 1 ಕಮ್ಮಿ. 4ರಿಂದ ಶುರು ಮಾಡು. ವರ್ಗ ಮಾಡಿ 2 ಕಳಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೋ. 7ಕ್ಕೆ ಎರಡು ಕಮ್ಮಿ, ಅಂದರೆ 5 ಸಲ. ಅವಳು ಗೊಣಗುತ್ತಾ ಹಾಕಿದಳು: 14, 67, 42, 111, 0. ಸೊನ್ನೆ ಬಂದರೆ ಅವಿಭಾಜ್ಯ. ಆಮೇಲೆ 2047, ಅಂದರೆ 11ನೇ ಘಾತದ್ದು. ಇಲ್ಲಿ 9 ಸಲ. ಕೊನೆಗೆ 1736 ಉಳಿಯಿತು. ಸೊನ್ನೆ ಅಲ್ಲ, ಹಾಗಾಗಿ ಅವಿಭಾಜ್ಯ ಅಲ್ಲ. 2047 ಅಂದರೆ 23 × 89. ಆದರೆ ಆ 1736ರಲ್ಲಿ 23ರ ಸುಳಿವು ಎಲ್ಲಿದೆ? ಎಲ್ಲೂ ಇಲ್ಲ. ಲೂಕಾನ ಪರೀಕ್ಷೆಯನ್ನು ಇಷ್ಟು ಸರಳ ಮಾಡಿದ್ದು ಅವನ ನಂತರ ಬಂದ ಗಣಿತಜ್ಞ ಲೆಹ್ಮರ್.

ಸ್ವಲ್ಪ ಹೊತ್ತು ಮಾತಿಲ್ಲ. "ಸರಿ, ಯಾಕೆ ಹಾಗಾಗುತ್ತೆ?"

ಅಯ್ಯೋ, ಅದನ್ನು ಫೋನಿನಲ್ಲಿ ಹೇಳೋಕಾಗಲ್ಲ ಕಣೇ.

ಬದಲಿಗೆ ಹುಡುಕುವ ದಾರಿ ಹೇಳಿದೆ. ಈ 21 ಅಂಕಿಯ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗಿಸಿದರೆ 1 ಉಳಿಯಲೇಬೇಕು. 8ರಿಂದ ಭಾಗಿಸಿದರೆ 1 ಇಲ್ಲವೇ 7. ಹೀಗೆ ಸೋಸಿದರೆ ಮೊದಲು ಸಿಗುವವು 135, 537, 671, 1073, 1207. ಇವೆಲ್ಲ ತಾವೇ ಒಡೆಯುತ್ತವೆ. ಪರೀಕ್ಷಿಸಲು ಯೋಗ್ಯವಾದ ಮೊದಲನೆಯದು 1609. ಅದೂ ಭಾಗಿಸಲ್ಲ. ಹೀಗೇ ಹೋದರೆ ಉತ್ತರ ಸಿಗುವುದು 19 ಕೋಟಿ ದಾಟಿದ ಮೇಲೆ!

1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 193707721 × 761838257287. ಅವನು ಮಾತೇ ಆಡದೆ ಬೋರ್ಡಿನ ಮೇಲೆ ಗುಣಿಸಿ ತೋರಿಸಿ ಕೂತ ಅನ್ನುವ ಕತೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಎರಡರಿಂದಲೂ 1 ಕಳೆದು 134ರಿಂದ ಭಾಗಿಸಿ ನೋಡಿ. 1445580 ಮತ್ತು 5685360129. ಶೇಷವೇ ಇಲ್ಲ. ಖುಷಿ ಆಗಲ್ವಾ?

ಪುಟ್ಟಿಗೆ ಖುಷಿ ಆಗಲಿಲ್ಲ. "ಈಗ ಕಂಪ್ಯೂಟರ್ ಇದೆಯಲ್ಲ, ಇಂಥ ಅಪವರ್ತನ ಗೊತ್ತಿಲ್ಲದವು ಈಗ ಇರಲ್ಲ ಬಿಡಿ."

ಇವೆ. 67ರ ಜಾಗದಲ್ಲಿ 1277 ಹಾಕು ಅಂದೆ. 385 ಅಂಕಿ. ಅವಿಭಾಜ್ಯ ಅಲ್ಲ ಅಂತ ಗ್ಯಾರಂಟಿ, ಆದರೆ ಒಂದೇ ಒಂದು ಅಪವರ್ತನ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಅಲ್ಲಿ 134ರ ಬದಲು 2554. ಅವಳು ಫೋನ್ ಇಟ್ಟಳು. ನಾನು ಮಲಗಬೇಕಿತ್ತು, 2555ಕ್ಕೆ 5 ಹೋಗುತ್ತದೆ, ಅದು ಬೇಡ, 8ರ ಲೆಕ್ಕಕ್ಕೆ ಒಗ್ಗುವ ಮುಂದಿನದು 7663, ಅದು