ಸೆಕೆಗಾಲದಲ್ಲಿ ಹ್ಯಾಮಕ್: ಯಸಳೂರಿನ ಕಾಫಿ ತೋಟದಲ್ಲಿ ಮಲಗಿದ್ದು

ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್. ಏಪ್ರಿಲ್ ಕೊನೆ, ಮಧ್ಯಾಹ್ನದ ಬಸ್ಸು, ಕಿಟಕಿ ತೆಗೆದರೆ ಬರುವುದು ಬರೀ ಬಿಸಿಗಾಳಿ. ಆಲೂರು ದಾಟಿ ಕಾಫಿ ತೋಟಗಳು ಶುರುವಾದರೆ ತಂಪಾಗುತ್ತದೆ ಅಂತ ಬೆಂಗಳೂರಿನಿಂದ ಬಂದ ನನ್ನ ಗೆಳೆಯ ನಂಬಿಕೊಂಡಿದ್ದ. ಆ ತಿಂಗಳಲ್ಲಿ ಹಗಲು ಹಾಗೇನೂ ಆಗುವುದಿಲ್ಲ. ಒಂದೆರಡು ಮಳೆ ಬಿದ್ದು ನೆಲ ಹಸಿಯಾಗಿದ್ದರಂತೂ ಮೈಗೆ ಅಂಟುವ ಸೆಕೆ, ಬೆವರು ಆರುವುದೇ ಇಲ್ಲ.

ನಾವು ಹೊರಟಿದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಇರುವ ನನ್ನ ಸೋದರಮಾವನ ತೋಟಕ್ಕೆ. ಟೆಂಟ್ ತಂದಿರಲಿಲ್ಲ, ಇಬ್ಬರ ಹತ್ತಿರವೂ ಹ್ಯಾಮಕ್, ಅಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ಜೋಲಿ ಇತ್ತು. ಬೇಸಿಗೆಗೆ ಟೆಂಟ್ ನನಗೆ ಸರಿಬರುವುದಿಲ್ಲ. ಹಗಲೆಲ್ಲ ಕಾದ ನೆಲ ರಾತ್ರಿ ಆ ಕಾವನ್ನು ಬಿಡುತ್ತಾ ಇರುತ್ತದೆ, ಟೆಂಟಿನ ಒಳಗೆ ಗಾಳಿ ಓಡಾಡುವುದಿಲ್ಲ. ಹ್ಯಾಮಕ್ಕಿನಲ್ಲಾದರೆ ಬೆನ್ನ ಕೆಳಗೂ ಗಾಳಿ. ಅದರ ದೊಡ್ಡ ಲಾಭವೇ ಅದು. ಆದರೆ ಬೆನ್ನ ಕೆಳಗೆ ಗಾಳಿ ಬರುವ ಕಡೆಯಿಂದಲೇ ಸೊಳ್ಳೆಯೂ ಬರುತ್ತದೆ, ಅಲ್ವಾ. ಗಾಳಿಯನ್ನು ಬಿಟ್ಟುಕೊಂಡು ಸೊಳ್ಳೆಯನ್ನು ಮಾತ್ರ ತಡೆಯಬೇಕು. ಬೇಸಿಗೆಯ ಹ್ಯಾಮಕ್ಕಿನಲ್ಲಿ ಇರುವ ಕೆಲಸವೆಲ್ಲ ಇದೇ.

ಬಿಸಿಲೆ ಕಡೆ ಹೋಗಿ ಕಾಡಿನಲ್ಲೇ ಕಟ್ಟೋಣ ಅಂತ ಗೆಳೆಯ ಅಂದ. ಅದು ಮೀಸಲು ಅರಣ್ಯ, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಇನ್ನು ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆಗಳು ತೋಟದೊಳಗೇ ಓಡಾಡುತ್ತವೆ, ಆನೆ ದಾಳಿಗೆ ಜನ ಸತ್ತಿದ್ದಾರೆ. ಇಲ್ಲಿ ಬಯಲಲ್ಲಿ ಮಲಗುವ ಮಾತು ಬಂದರೆ ಸೊಳ್ಳೆಗಿಂತ ಮೊದಲು ಕೇಳಬೇಕಾದ್ದು ಆನೆ ಎಲ್ಲಿದೆ ಅಂತ. ಆ ವಾರ ಹಿಂಡು ನಮ್ಮ ಕಡೆ ಇಲ್ಲ ಅಂತ ಮಾವ ವಿಚಾರಿಸಿಕೊಂಡ ಮೇಲೆಯೇ ನಮ್ಮನ್ನು ಬರಲು ಹೇಳಿದ್ದು.

ಮನೆ ತಲುಪಿ ಅತ್ತೆ ಕೊಟ್ಟ ಮಜ್ಜಿಗೆ ಕುಡಿಯುವಾಗಲೇ ಮಾವ ಶುರು ಮಾಡಿದರು. "ಎಲ್ಲಿ ಬೇಕಾದ್ರೂ ಕಟ್ಕೊಳ್ರೋ, ಆದ್ರೆ ಮನೆ ದೀಪ ಕಾಣೋ ಹಾಗಿರ್ಲಿ. ಹಲಸಿನ ಮರದ ಹತ್ರ ಮಾತ್ರ ಬೇಡ. ಹಣ್ಣಿನ ವಾಸನೆಗೆ ಆನೆ ಎಲ್ಲಿದ್ರೂ ಬರುತ್ತೆ." ಆನೆ ಬರದಿದ್ದರೂ ಹಲಸಿನ ಕೆಳಗೆ ನೊಣ, ಇರುವೆ, ತಲೆಯ ಮೇಲೆ ಬೀಳುವ ಕಾಯಿ. ಯಾವ ರೀತಿ ನೋಡಿದರೂ ಅದು ಮಲಗುವ ಜಾಗವಲ್ಲ.

ಕೊಯ್ಲು ಮುಗಿದು ತೋಟ ಖಾಲಿ ಇತ್ತು. ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ತೆಗೆಯುವ ಮರಗಸಿ ಕೆಲಸ ನಡೆಯುತ್ತಿತ್ತು. ಮರ ಹತ್ತುವ ಹಿರಿಯರೊಬ್ಬರನ್ನು ಮಾವ ನಮ್ಮ ಜೊತೆ ಕಳಿಸಿದರು. ನಾನು ಎರಡು ನೇರವಾದ ಸಿಲ್ವರ್ ಮರ ತೋರಿಸಿ, "ಇಲ್ಲಿ ಕಟ್ಟಬಹುದಾ ಅಣ್ಣ?" ಅಂತ ಕೇಳಿದೆ. ಅವರು ತಲೆ ಎತ್ತಿ ನೋಡಿ, "ಸಿಲ್ವರ್ ಕೊಂಬೆ ನಂಬ್ಬೇಡಿ ಸಾರ್. ಗಾಳಿ ಬಂದ್ರೆ ಹೇಳ್ದೆ ಕೇಳ್ದೆ ಮುರಿಯುತ್ತೆ" ಅಂದರು. ಸಿಲ್ವರ್ ಓಕ್ ಕೊಂಬೆ ನಿಜವಾಗಿಯೂ ಪೆಡಸು. ಜೊತೆಗೆ ಅದರ ಬುಡದಿಂದ ಮೇಲಿನವರೆಗೂ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಹ್ಯಾಮಕ್ಕಿನ ಪಟ್ಟಿ ಬಿಗಿದರೆ ಬಳ್ಳಿ ಜಜ್ಜಿಹೋಗುತ್ತದೆ, ಯಾರದೋ ವರ್ಷದ ದುಡಿಮೆ ಅದು. ಕೊನೆಗೆ ಅವರೇ ಒಂದು ನೇರಳೆ ಮರ, ಒಂದು ನಂದಿ ಮರ ತೋರಿಸಿದರು. ಬಳ್ಳಿ ಇಲ್ಲ, ಒಣಗಿದ ಕೊಂಬೆ ಇಲ್ಲ. ಎಲೆಗಳನ್ನು ಸೇರಿಸಿ ಹೆಣೆದ ಚಗಳಿ (ಕೆಂಪಿರುವೆ) ಗೂಡು ಇದೆಯಾ ಅಂತಲೂ ಮೇಲೆ ಕೆಳಗೆ ನೋಡಿದರು. ಚಗಳಿ ಚಟ್ನಿ ನನಗೂ ಇಷ್ಟ. ಆದರೆ ಗೂಡಿರುವ ಮರಕ್ಕೆ ಹಗ್ಗ ಕಟ್ಟಿದರೆ ಅದೇ ಹಗ್ಗದ ಮೇಲೆ ನಡೆದುಕೊಂಡು ಬಂದು ಕಚ್ಚುತ್ತವೆ.

ಜಾಗದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಯಾವ ಸಾಮಾನಿಗಿಂತಲೂ ಹೆಚ್ಚು ಕೆಲಸ ಮಾಡುವುದು ಜಾಗವೇ. ತೋಟದ ತಗ್ಗಿನಲ್ಲಿ ಕೆರೆ ಇದೆ. ಸಂಜೆ ನಾಲ್ಕಕ್ಕೆ ಅಲ್ಲಿ ಹೋಗಿ ನಿಂತರೆ ಎಷ್ಟು ಹಿತ ಅಂದರೆ, ಇಲ್ಲೇ ಮಲಗಿಬಿಡೋಣ ಅನ್ನಿಸುತ್ತದೆ. ಗೆಳೆಯ ಅಲ್ಲೇ ಮರ ಹುಡುಕಲು ಶುರು ಮಾಡಿದ್ದ. ಆದರೆ ತಗ್ಗಿನಲ್ಲಿ ಗಾಳಿ ನಿಂತಿರುತ್ತದೆ, ತೇವ ಜಾಸ್ತಿ, ನಿಂತ ನೀರಿನ ಅಂಚಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಕತ್ತಲಾಗುವ ಹೊತ್ತಿಗೆ ಅದು ಸೊಳ್ಳೆಯದೇ ಜಾಗ. ಅಲ್ಲಿಂದ ಮೇಲಕ್ಕೆ, ಇಳಿಜಾರಿನ ಅರ್ಧದಲ್ಲಿ, ಕಾಫಿ ಗಿಡ ಇಲ್ಲದ ಒಂದು ತೆರಪಿದೆ. ಹಗಲಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಗುಡ್ಡದ ತಲೆಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಸರಿಯಲು ಶುರುವಾಗುತ್ತದೆ, ಆಗ ಆ ಜಾಗದ ಬೆಲೆ ಗೊತ್ತಾಗುತ್ತದೆ. ನಾವು ಹ್ಯಾಮಕ್ಕನ್ನು ಇಳಿಜಾರಿಗೆ ಅಡ್ಡವಾಗಿ ಕಟ್ಟಿದೆವು. ಗಾಳಿ ಒಂದು ಪಕ್ಕದಿಂದ ಬಂದು ಬೆನ್ನ ಕೆಳಗೆ ಹಾದು ಇನ್ನೊಂದು ಪಕ್ಕಕ್ಕೆ ಹೋಗುತ್ತಿತ್ತು. ಸೊಳ್ಳೆ ಹಾರುವ ವೇಗ ಗಂಟೆಗೆ ಸುಮಾರು 2 ಕಿಲೋಮೀಟರ್ ಅಷ್ಟೇ. ಎಲೆ ಅಲ್ಲಾಡುವಷ್ಟು ಗಾಳಿ ಇದ್ದರೂ ಅದಕ್ಕೆ ನೆಟ್ಟಗೆ ಬಂದು ಕೂರುವುದು ಕಷ್ಟ, ನಮ್ಮ ಉಸಿರಿನ ವಾಸನೆ ಹಿಡಿದು ಬರುವುದೂ ಕಷ್ಟ. ತಂಪು ಕೊಡುವುದೂ ಸೊಳ್ಳೆ ಓಡಿಸುವುದೂ ಒಂದೇ ಗಾಳಿ.

ಕಟ್ಟುವ ಕ್ರಮ ಹೇಳುತ್ತೇನೆ. ಮರಗಳ ನಡುವೆ 4 ಮೀಟರ್ ಅಂತರ, ಹಗ್ಗದ ಬದಲು ಒಂದು ಇಂಚಿಗಿಂತ ಅಗಲದ ಪಟ್ಟಿ, ಪಟ್ಟಿ ಸುಮಾರು 30 ಡಿಗ್ರಿ ಇಳಿಯುವ ಹಾಗೆ ಸಡಿಲ. ಬಿಗಿಯಾಗಿ ಎಳೆದು ಕಟ್ಟಿದರೆ ಬಟ್ಟೆ ಎರಡೂ ಕಡೆಯಿಂದ ಮೈಗೆ ಸುತ್ತಿಕೊಳ್ಳುತ್ತದೆ, ಪಕ್ಕೆಗಳಲ್ಲಿ ಬೆವರು ನಿಲ್ಲುತ್ತದೆ. ಸಡಿಲ ಬಿಟ್ಟು ಓರೆಯಾಗಿ ಮಲಗಿದರೆ ಬಟ್ಟೆ ಹರಡಿಕೊಳ್ಳುತ್ತದೆ, ಬೆನ್ನೂ ಸಪಾಟಾಗಿ ಕೂರುತ್ತದೆ. ಸೆಕೆಗೆ ಒಂದೇ ಪದರದ ತೆಳು ನೈಲಾನ್ ಒಳ್ಳೆಯದು, ಒದ್ದೆಯಾದರೂ ಬೇಗ ಒಣಗುತ್ತದೆ. ದಪ್ಪ ಹತ್ತಿಯ ಹ್ಯಾಮಕ್ ಬೆವರು ಕುಡಿದು ಬೆಳಗಿನವರೆಗೂ ಹಸಿಯಾಗಿರುತ್ತದೆ. ಟಾರ್ಪಾಲನ್ನು ಮಳೆಗಾಲದ ಹಾಗೆ ಕೆಳಗೆ ಎಳೆದು ಕಟ್ಟಲಿಲ್ಲ. ಎದ್ದು ನಿಂತರೆ ತಲೆ ತಾಗದಷ್ಟು ಎತ್ತರಕ್ಕೆ, ಪಡುವಣದ ಬಿಸಿಲಿಗೆ ಅಡ್ಡ ಆಗುವ ಹಾಗೆ ಒಂದು ಪಕ್ಕ ಮಾತ್ರ ಇಳಿಸಿದೆವು.

ಒಂದು ಪದರದ ನೈಲಾನಿಗೆ ಒಂದು ತೊಂದರೆ ಇದೆ. ಮೈ ಭಾರಕ್ಕೆ ಬಟ್ಟೆ ಬಿಗಿದು ಚರ್ಮಕ್ಕೆ ಅಂಟಿರುತ್ತದೆ, ಸೊಳ್ಳೆ ಕೆಳಗಿನಿಂದ ಬಂದು ಬಟ್ಟೆಯ ಮೂಲಕವೇ ಚುಚ್ಚುತ್ತದೆ. ಮೇಲೆ ಮಾತ್ರ ಪರದೆ ಇರುವ ಹ್ಯಾಮಕ್ಕುಗಳಲ್ಲಿ ಮಲಗಿದವರು ಬೆಳಿಗ್ಗೆ ಎದ್ದು ಬೆನ್ನು ಕೆರೆದುಕೊಳ್ಳುವುದು ಇದಕ್ಕೇ. ಹಾಗಾಗಿ ನನ್ನ ಸೊಳ್ಳೆ ಪರದೆ ಉದ್ದನೆಯ ಚೀಲದ ರೀತಿಯದು. ಹ್ಯಾಮಕ್ಕನ್ನೇ ಅದರೊಳಗೆ ತೂರಿಸಿ ಎರಡೂ ತುದಿ ಬಿಗಿದರೆ ಸುತ್ತಲೂ ಪರದೆ, ಕೆಳಗೆ ಒಂದು ಗೇಣು ಜೋತಾಡುತ್ತಿರುತ್ತದೆ, ಮೈಗೆ ತಾಗುವುದಿಲ್ಲ. ಗೆಳೆಯನದು ಮೇಲೆ ಮಾತ್ರ ಹೊಲಿದ ಪರದೆ. ಅವನ ಹ್ಯಾಮಕ್ಕಿನ ಹೊರಮೈಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಿಕೊಂಡು ತಂದಿದ್ದೆವು. ಇದು ಬಟ್ಟೆಗೆ ಮಾತ್ರ ಹಾಕುವ ಔಷಧಿ, ಮೈಗೆ ಹಚ್ಚುವಂಥದ್ದಲ್ಲ. ಹಸಿಯಾಗಿರುವಾಗ ಬೆಕ್ಕುಗಳನ್ನು ಹತ್ತಿರ ಬಿಡಬಾರದು, ಅವುಗಳ ಜೀವಕ್ಕೆ ಅಪಾಯ. ಮೀನಿಗೂ ಇದು ವಿಷ, ಆದ್ದರಿಂದ ಆ ಬಟ್ಟೆಯನ್ನು ಹಳ್ಳದಲ್ಲೋ ಕೆರೆಯಲ್ಲೋ ದಯವಿಟ್ಟು ಅದ್ದಬೇಡಿ.

ಪರದೆ ಕೊಳ್ಳುವಾಗ ಅದರ ಕಣ್ಣಿನ, ಅಂದರೆ ತೂತಿನ ಅಳತೆ ನೋಡಿ. ಚದರ ಇಂಚಿಗೆ 156 ಕಣ್ಣಿರುವ ಸಾಮಾನ್ಯ ಪರದೆ ಸೊಳ್ಳೆಯನ್ನು ತಡೆಯುತ್ತದೆ, ಗಾಳಿಯನ್ನೂ ಬಿಡುತ್ತದೆ. ಸಂಜೆ ಕಿವಿ ಕಣ್ಣಿಗೆ ಮುತ್ತುವ ಸಣ್ಣ ನೊರಜು ಮಾತ್ರ ಅದರಲ್ಲಿ ನುಸುಳುತ್ತದೆ. ಅದಕ್ಕೂ ಸಿಗದಷ್ಟು ಸಣ್ಣ ಕಣ್ಣಿನ ಪರದೆ ಇದೆ. ಆದರೆ ಕಣ್ಣು ಸಣ್ಣದಾದಷ್ಟೂ ಒಳಗೆ ಬರುವ ಗಾಳಿ ಕಡಿಮೆ. ಗಾಳಿ ಇರುವ ಜಾಗ ಹಿಡಿದರೆ ನೊರಜು ಹೇಗೂ ನಿಲ್ಲುವುದಿಲ್ಲ, ಸಾಮಾನ್ಯ ಪರದೆಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕತ್ತಲಾಗುವ ಮೊದಲು ಇಬ್ಬರೂ ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಸ್ನಾನ ಮಾಡಿದೆವು. ಬೆವರಿನ ವಾಸನೆ ಸೊಳ್ಳೆಯನ್ನು ಎಳೆಯುತ್ತದೆ, ತೊಳೆದ ಮೈ ತಂಪಾಗಿಯೂ ಇರುತ್ತದೆ. ಆಮೇಲೆ ಉದ್ದ ತೋಳಿನ ಸಡಿಲವಾದ ತಿಳಿ ಬಣ್ಣದ ಅಂಗಿ, ತೆಳು ಪೈಜಾಮ. ಕೈ ಕಾಲಿಗೆ ಸೊಳ್ಳೆಯನ್ನು ದೂರವಿಡುವ ಡೀಟ್ ಇರುವ ಮುಲಾಮು. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಕನ್ನಡಕದ ಫ್ರೇಮ್ ಮುಟ್ಟುವ ಮೊದಲು ಕೈ ಒರೆಸಿಕೊಳ್ಳಿ. ಅತ್ತೆ ಅಂಗಳದಲ್ಲಿ ಮಣ್ಣಿನ ಚಟ್ಟಿಗೆ ಕೆಂಡ ಹಾಕಿ ಲಕ್ಕಿ ಸೊಪ್ಪಿನ ಹೊಗೆ ಹಾಕಿದ್ದರು. ಊಟಕ್ಕೆ ಕೂತಷ್ಟು ಹೊತ್ತು ಅದು ಚೆನ್ನಾಗಿ ಕೆಲಸ ಮಾಡಿತು. ಆದರೆ ಅದನ್ನು ತೋಟದೊಳಗೆ ಒಯ್ಯಲಿಲ್ಲ. ಏಪ್ರಿಲ್‌ನ ತರಗೆಲೆಗೆ ಒಂದು ಕಿಡಿ ಸಾಕು, ಕಿಡಿ ತಾಗಿದರೆ ನೈಲಾನೂ ಕರಗುತ್ತದೆ. ಪಟ್ಟಿಗಳಿಗೆ ಬೇವಿನ ಎಣ್ಣೆ ಅದ್ದಿದ ಬಟ್ಟೆ ಚೂರು ಸುತ್ತಿದೆವು, ಇರುವೆ ದಾಟದಿರಲಿ ಅಂತ. ರಾತ್ರಿ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮಾವ ಕೋಳಿ ಸಾರಿಗೆ ಬಹಳ ಒತ್ತಾಯ ಮಾಡಿದರು. ಸೆಕೆಯಲ್ಲಿ ಹೊಟ್ಟೆ ಭಾರ ಮಾಡಿಕೊಂಡು ಮಲಗಿದರೆ ಮೈ ಇನ್ನೂ ಬಿಸಿಯಾಗುತ್ತದೆ ಅಂತ ಅದನ್ನು ಮರುದಿನ ಮಧ್ಯಾಹ್ನಕ್ಕೆ ಇಟ್ಟುಕೊಂಡೆವು.

ಒಂಬತ್ತರ ಹೊತ್ತಿಗೆ ಗಾಳಿ ಇಳಿಯಲು ಶುರುವಾಯಿತು. ತಲೆಗೆ ಕಟ್ಟುವ ಲೈಟನ್ನು ಕೆಂಪಿಗೆ ತಿರುಗಿಸಿದೆವು, ಬಿಳಿ ಬೆಳಕಿಗೆ ಮುತ್ತುವ ಹುಳ ಕೆಂಪಿಗೆ ಅಷ್ಟು ಬರುವುದಿಲ್ಲ. ಪರದೆಯ ಒಳಗೆ ಪವರ್ ಬ್ಯಾಂಕಿಗೆ ಸಿಕ್ಕಿಸುವ ಪುಟ್ಟ ಫ್ಯಾನ್ ಇತ್ತು. ಗಾಳಿ ನಿಂತಾಗ ಮಾತ್ರ ಹಾಕಿಕೊಂಡೆ. ಒದ್ದೆ ಟವೆಲನ್ನು ಕುತ್ತಿಗೆಗೆ ಹಾಕಿಕೊಳ್ಳುವುದು ಒಣಹವೆಯ ಊರಿಗೆ ಒಳ್ಳೆಯ ಉಪಾಯ. ಇಲ್ಲಿಯ ತೇವಕ್ಕೆ ಅದು ಬೇಗ ಆರುವುದಿಲ್ಲ, ಫ್ಯಾನಿನ ಗಾಳಿ ಬಿದ್ದರೆ ಮಾತ್ರ ತಂಪು. ಬೆಳಗಿನ ಜಾವ ಕಥೆಯೇ ಬೇರೆ. ಸೆಕೆ ಸೆಕೆ ಅಂತ ಮಲಗಿದವರಿಗೆ ಮೂರೂವರೆಗೆ ಬೆನ್ನು ತಣ್ಣಗಾಗಿ ಎಚ್ಚರವಾಗುತ್ತದೆ. ಅದಕ್ಕೆ ಹತ್ತಿಯ ದುಪ್ಪಟಿಯೊಂದನ್ನು ಕಾಲ ಬುಡದಲ್ಲಿ ಇಟ್ಟುಕೊಂಡಿದ್ದೆವು. ಅದನ್ನು ಮೈ ಮೇಲೆ ಹೊದೆಯುವುದಕ್ಕಿಂತ ಬೆನ್ನ ಕೆಳಗೆ ಎಳೆದುಕೊಂಡರೆ ಬೇಗ ಹಿತವಾಗುತ್ತದೆ.

ಮರುದಿನ ಸಂಜೆ ಗುಡುಗು ಶುರುವಾಯಿತು. ಗುಡುಗು ಕೇಳಿದರೆ ಮರದ ಕೆಳಗೆ ಒಂದು ಕ್ಷಣವೂ ಇರಬಾರದು, ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಎಲ್ಲವನ್ನೂ ಬಿಚ್ಚಿಕೊಂಡು ಮನೆಗೆ ಬಂದೆವು. ಮಳೆ ನಿಂತ ಮೇಲೆ ಬಲ್ಬಿನ ಸುತ್ತ ರೆಕ್ಕೆ ಗೆದ್ದಲು ರಾಶಿ ಬಿದ್ದವು. ಮಾವ ಜಗುಲಿಯ ದೀಪ ಆರಿಸಿ, ಮರದ ಎರಡು ದಪ್ಪ ಕಂಬಗಳನ್ನು ತಟ್ಟಿ ನೋಡಿ, "ಇಲ್ಲೇ ಕಟ್ರೋ ಜೋಲೀನ, ನಾನೂ ಒಂದ್ಸಲ ನೋಡ್ತೀನಿ" ಅಂದರು. ಓರೆಯಾಗಿ ಮಲಗುವುದು ಹೇಗೆ ಅಂತ ತೋರಿಸಿಕೊಟ್ಟೆ. ಹತ್ತು ನಿಮಿಷಕ್ಕೆ ಗೊರಕೆ. ಗೆಳೆಯ ಮತ್ತು ನಾನು ಚಾಪೆಯ ಮೇಲೆ ಮಲಗಿದೆವು.

ಕೊನೆಗೆ ಉಣ್ಣೆಯ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದ ವಿಷಯ. ಸೊಳ್ಳೆಯ ಗಲಾಟೆಯಲ್ಲಿ ಜನ ಇದನ್ನು ಮರೆಯುತ್ತಾರೆ, ನನಗೆ ನಿಜವಾಗಿ ಭಯ ಇರುವುದು ಇದರದ್ದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಜನರಿಗೆ ಇದು ಬಂದಿದೆ. ಕಾಯಿಲೆ ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ನಮ್ಮಂಥವರು ಹ್ಯಾಮಕ್ ಹೊತ್ತುಕೊಂಡು ತಿರುಗುವ ತಿಂಗಳುಗಳಲ್ಲೇ. ನೆಲದಿಂದ ಮೇಲೆ ಮಲಗುವುದರಿಂದ ಅಪಾಯ ಕಡಿಮೆಯಾಗುತ್ತದೆ. ಆದರೆ ಹ್ಯಾಮಕ್ಕಿನವರೆಗೆ ತರಗೆಲೆ ತುಳಿದುಕೊಂಡೇ ಹೋಗಬೇಕಲ್ಲ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಚೀಲ, ಚಪ್ಪಲಿ ನೆಲದ ಮೇಲೆ ಬಿಡಬೇಡಿ, ಪಟ್ಟಿಗೆ ತೂಗುಹಾಕಿ. ಕಾಯಿಲೆ ಇರುವ ಊರುಗಳಲ್ಲಿ ಉಣ್ಣೆಯನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈ ಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ನಾವು ಹೊರಡುವ ಬೆಳಿಗ್ಗೆ ಒಬ್ಬರಿಗೊಬ್ಬರು ಮಂಡಿಯ ಹಿಂಭಾಗ, ಸೊಂಟ, ಕಂಕುಳು, ಕಿವಿಯ ಹಿಂದೆ ಎಲ್ಲಾ ನೋಡಿದೆವು. ಗೆಳೆಯನ ಸೊಂಟದ ಪಟ್ಟಿಯ ಹತ್ತಿರ ಒಂದು ಸಿಕ್ಕಿತು, ಎಳ್ಳಿನಷ್ಟು ಸಣ್ಣದು. ಸುಡಬಾರದು, ಎಣ್ಣೆ ಹಾಕಬಾರದು, ಉಗುರಲ್ಲಿ ಹಿಸುಕಬಾರದು. ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದು, ಸೋಪಿನಲ್ಲಿ ತೊಳೆದೆವು. ಬಟ್ಟೆಯೆಲ್ಲ ಬಿಸಿನೀರಿಗೆ ಹೋಯಿತು. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ವಾಪಸ್ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರು ಕೇಳುವ ಮೊದಲೇ ಹೇಳಿ, ಯಾವ ಊರಿನ ತೋಟದಲ್ಲಿ ಮಲಗಿದ್ದೆ, ಯಾವತ್ತು ಉಣ್ಣೆ ತೆಗೆದೆ ಅಂತ. ಗೆಳೆಯ ಆ ದಿನಾಂಕವನ್ನು ಬಸ್ಸಿನಲ್ಲೇ ಫೋನಿನಲ್ಲಿ ಬರೆದಿಟ್ಟುಕೊಂಡ. ಅವನಿಗೆ ಜ್ವರ ಬರಲಿಲ್ಲ.